ಬ್ರಿಟನ್ನಿನ ಹಳೆಯ ಲಾರಿಗಳು: ಚಾಲಕರ ಸ್ಮೃತಿಯ ಪ್ರಾಮಾಣ್ಯವಿಚಾರ

ಸ್ಮೃತಿಯು ಪ್ರಮೆಯಲ್ಲವೆಂಬುದು ನೈಯಾಯಿಕರ ಸಿದ್ಧಾಂತ. ಸಂಸ್ಕಾರಮಾತ್ರದಿಂದ ಹುಟ್ಟುವ ಜ್ಞಾನವೆಂದು ಹೇಳಿ, ಅವರು ಅದನ್ನು ಅನುಭವದಿಂದ ಬೇರ್ಪಡಿಸಿರುತ್ತಾರೆ. ಆದರೆ ಈಚಿನ ಕಾಲದ ಇತಿಹಾಸವನ್ನು ಬರೆಯ ಹೊರಟವನು ಸ್ಮೃತಿಯನ್ನು ಪೂರ್ತಿಯಾಗಿ ಬಿಡುವಂತಿಲ್ಲ. ದೊರೆಗಳ ಆಜ್ಞೆ, ದಾನ, ಯುದ್ಧಗಳಿಗೆ ಶಾಸನಗಳಿವೆ. ದುಡಿಮೆಯ ಜನರ ಕೈಚಳಕಕ್ಕೆ ಅವರ ನೆನಪೇ ಅನೇಕ ವೇಳೆ ಉಳಿದ ಆಧಾರ. ಇಂಥ ನೆನಪನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದನ್ನು ಬ್ರಿಟನ್ನಿನ ಹಳೆಯ ಲಾರಿಗಳ ನಿದರ್ಶನದಿಂದ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಆ ದೇಶದಲ್ಲಿ ಹಳೆಯ ಲಾರಿಗಳ ಮೇಲಣ ಅಭಿಮಾನವು ಸಾಮಾನ್ಯವಾದುದಲ್ಲ. ಅವುಗಳ ಸಂರಕ್ಷಣೆಗಾಗಿ ೧೯೫೮ರಲ್ಲಿ ಒಂದು ಸಂಘವು ಸ್ಥಾಪಿತವಾಯಿತು. ೧೯೬೨ರಿಂದ ಲಂಡನ್ನಿನಿಂದ ಬ್ರೈಟನ್ನಿನವರೆಗೆ ಹಳೆಯ ವಾಹನಗಳ ಯಾತ್ರೆಯು ನಡೆಯತೊಡಗಿತು. ೧೯೮೩ರಲ್ಲಿ ಲೇಲ್ಯಾಂಡ್ ಪಟ್ಟಣದಲ್ಲಿ ಒಂದು ವಸ್ತುಸಂಗ್ರಹಾಲಯವೂ ತೆರೆಯಿತು. ಆದರೆ ವಿಚಾರಯೋಗ್ಯವಾದುದು ಈ ವಸ್ತುಗಳಿಗಿಂತಲೂ ಹೆಚ್ಚಾಗಿ, ಅವುಗಳನ್ನು ನಡೆಸಿದ ವೃದ್ಧರ ಮಾತು. ಕೊರೆಯುವ ಚಳಿ, ಕಿವಿ ಗಡಚಿಕ್ಕುವ ಎಂಜಿನ್ನಿನ ಸದ್ದು, ತೋಳು ಸೋಲುವಷ್ಟು ಭಾರವಾದ ಚುಕ್ಕಾಣಿಯ ಚಕ್ರ, ದಾರಿ ಕಾಣದ ಮಂಜು, ಇವನ್ನೇ ಅವರು ಪ್ರೀತಿಯಿಂದ ನೆನೆಯುತ್ತಾರೆ. ವನವಾಸದ ದುಃಖಗಳೂ ಅನಂತರದ ಸ್ಮರಣೆಯಲ್ಲಿ ಸುಖವಾಗಿ ಪರಿಣಮಿಸಿದುವೆಂದು ಕಾಳಿದಾಸನು ರಘುವಂಶದ ಹದಿನಾಲ್ಕನೆಯ ಸರ್ಗದಲ್ಲಿ ಹೇಳಿರುವುದು ವಾಚಕರಿಗೆ ವಿದಿತವೇ ಆಗಿದೆ. ಹೀಗಿರುವಲ್ಲಿ, ಈ ಚಾಲಕರ ಮಾತೂ ಕಳೆದುಹೋದ ಯೌವನದ ಹಂಬಲವೇ ಹೊರತು ಇತಿಹಾಸವಲ್ಲವೆಂಬ ಪೂರ್ವಪಕ್ಷವು ಸಹಜವಾಗಿಯೇ ಏಳುತ್ತದೆ. ಇದನ್ನು ನಿರ್ಣಯಿಸಬೇಕಾದರೆ ಯಂತ್ರದ ಸ್ವರೂಪವನ್ನೂ ಅಂದಿನ ಕಟ್ಟಳೆಗಳನ್ನೂ ಮೊದಲು ತಿಳಿಯಬೇಕು.

ಲ್ಯಾಂಕಾಷೈರ್ ಪ್ರಾಂತದ ಲೇಲ್ಯಾಂಡಿನಲ್ಲಿ ೧೮೯೬ರಲ್ಲಿ ಹುಟ್ಟಿದ ಉಗಿಬಂಡಿಗಳ ಕಂಪನಿಯು ೧೯೦೭ರಲ್ಲಿ ಲೇಲ್ಯಾಂಡ್ ಮೋಟಾರ್ಸ್ ಎಂಬ ಹೆಸರನ್ನು ತಳೆಯಿತು. ಚೆಷೈರ್ ಪ್ರಾಂತದ ಸ್ಯಾಂಡ್‌ಬಾಕ್ ಊರಿನ ಫೋಡೆನ್ ಮನೆತನದವರೂ ಉಗಿಲಾರಿಗಳಿಗೆ ಪ್ರಸಿದ್ಧರು. ಲಾರಿ ಮತ್ತು ರೈಲುಗಳ ಸ್ಪರ್ಧೆಯನ್ನು ವಿಚಾರಿಸಿದ ಸಾಲ್ಟರ್ ಸಮಿತಿಯ ವರದಿಯು ೧೯೩೨ರಲ್ಲಿ ಹೊರಟ ಮೇಲೆ, ಭಾರವಾದ ಬಂಡಿಗಳ ಮೇಲಣ ತೆರಿಗೆಯು ಏರಿತು. ನೀರು, ಕಲ್ಲಿದ್ದಲು, ಬಾಯ್ಲರುಗಳನ್ನು ಹೊತ್ತು ನಡೆಯುವ ಉಗಿಲಾರಿಗೆ ಇದು ಮರಣಪ್ರಾಯವಾಯಿತು. ಡೀಸೆಲ್ ಎಂಜಿನ್ನೇ ಮುಂದಿನ ಮಾರ್ಗವೆಂದು ನಂಬಿದ ಎಡ್ವಿನ್ ರಿಚರ್ಡ್ ಫೋಡೆನ್ ತಂದೆಯ ಕಂಪನಿಯಿಂದ ಹೊರಬಂದು, ೧೯೩೩ರಲ್ಲಿ ತನ್ನ ಹೆಸರಿನ ಮೊದಲಕ್ಷರಗಳಿಂದಲೇ ಇ. ಆರ್. ಎಫ್. ಎಂಬ ಲಾರಿಯನ್ನು ಆರಂಭಿಸಿದನು. ಅದಕ್ಕೆ ಜೋಡಿಸಿದ ಎಂಜಿನ್ನು ಮ್ಯಾಂಚೆಸ್ಟರಿನ ಬಳಿಯ ಪ್ಯಾಟ್ರಿಕ್ರಾಫ್ಟಿನ ಗಾರ್ಡ್ನರ್ ಕಂಪನಿಯದು.

ಈ ಗಾರ್ಡ್ನರ್ ಎಂಜಿನ್ನುಗಳಲ್ಲಿ ಖ್ಯಾತವಾದ ಆರು ಸಿಲಿಂಡರಿನ ೬ಎಲ್‌ಡಬ್ಲ್ಯು ಎಂಬುದರ ಶಕ್ತಿ ೧೦೨ ಅಶ್ವಬಲ. ಅದರ ಪರಮವೇಗ ನಿಮಿಷಕ್ಕೆ ೧೭೦೦ ಸುತ್ತು. ಎಂಟು ಚಕ್ರದ ಲಾರಿಯು ಹೊರೆಯೊಡನೆ ೨೨ ಟನ್ ತೂಗುತ್ತಿದ್ದಿತು. ಎಂದರೆ ಟನ್ನೊಂದಕ್ಕೆ ಐದು ಅಶ್ವಬಲವೂ ದೊರೆಯುತ್ತಿರಲಿಲ್ಲ. ಬಲದ ಈ ಕೊರತೆಯನ್ನು ತುಂಬಬೇಕಾದುದು ಚಾಲಕನ ಕೈಕಾಲುಗಳ ಜಾಣ್ಮೆ.

ಆ ಜಾಣ್ಮೆಯ ಸಾರವೆಲ್ಲ ಗೇರು ಬದಲಾಯಿಸುವುದರಲ್ಲಿ ಅಡಗಿದ್ದಿತು. ಅಂದಿನ ಗೇರುಪೆಟ್ಟಿಗೆಯಲ್ಲಿ ಹಲ್ಲುಚಕ್ರಗಳ ವೇಗವನ್ನು ತಾನಾಗಿ ಸಮಮಾಡುವ ಸಾಧನವಿರಲಿಲ್ಲ. ಮೇಲಿನ ಗೇರಿಗೆ ಹೋಗುವಾಗ ಕ್ಲಚ್ಚನ್ನು ತುಳಿದು, ಗೇರನ್ನು ಬಿಡಿಸಿ, ಕ್ಲಚ್ಚನ್ನು ಬಿಟ್ಟು, ಎಂಜಿನ್ನಿನ ವೇಗವು ಇಳಿಯುವವರೆಗೆ ಕಾದು, ಮತ್ತೆ ತುಳಿದು ಹೊಸ ಗೇರನ್ನು ಸೇರಿಸಬೇಕು. ಕೆಳಗಿನ ಗೇರಿಗಾದರೋ ನಡುವೆ ಎಂಜಿನ್ನಿನ ವೇಗವನ್ನು ಏರಿಸಿಕೊಳ್ಳಬೇಕು. ಎಷ್ಟು ಏರಿಸಬೇಕೆಂಬುದನ್ನು ಕಿವಿಯೇ ನಿರ್ಣಯಿಸತಕ್ಕದ್ದು. ಏರಿನಲ್ಲಿ ಈ ಕಾರ್ಯವು ಒಂದು ಕ್ಷಣ ತಡವಾದರೆ ಬಂಡಿಯು ನಿಂತುಬಿಡುವುದು. ಇಳಿಜಾರಿನಲ್ಲಿ ತಪ್ಪಿದರೆ ಎಂಜಿನ್ನಿನ ಹಿಡಿತವು ಹೋಗಿ, ಬ್ರೇಕೊಂದೇ ಗತಿಯಾಗುವುದು.

ಇನ್ನು ಕಟ್ಟಳೆಗಳ ವಿಚಾರ. ೧೯೩೦ರ ರಸ್ತೆ ಸಂಚಾರದ ಕಾಯಿದೆಯು ಭಾರದ ಲಾರಿಗಳಿಗೆ ಗಂಟೆಗೆ ೨೦ ಮೈಲಿಗಳ ಮಿತಿಯನ್ನು ವಿಧಿಸಿತು. ಎಡೆಬಿಡದೆ ಐದೂವರೆ ಗಂಟೆಗಿಂತಲೂ, ದಿನವೊಂದರಲ್ಲಿ ೧೧ ಗಂಟೆಗಿಂತಲೂ ಹೆಚ್ಚಾಗಿ ನಡೆಸಕೂಡದೆಂದು ನಿಯಮಿಸಿತು. ಈ ವೇಗದ ಮಿತಿಯು ೩೦ ಮೈಲಿಗೆ ಏರಿದುದು ೧೯೫೭ರಲ್ಲಿ. ಈ ಅಂಕಿಗಳನ್ನು ಗುಣಿಸಿ ನೋಡಿದರೆ ಚಾಲಕರ ನೆನಪಿನ ಒಂದು ಮುಖ್ಯಾಂಶವು ಸ್ಪಷ್ಟವಾಗುತ್ತದೆ. ೨೦ ಮೈಲಿಯಂತೆ ೧೧ ಗಂಟೆಗೆ ೨೨೦ ಮೈಲಿ. ಲಂಡನ್ನಿಗೂ ಗ್ಲಾಸ್ಗೋವಿಗೂ ಸುಮಾರು ೪೦೦ ಮೈಲಿ. ಆದುದರಿಂದ ದಾರಿಯಲ್ಲಿ ಒಂದು ರಾತ್ರಿಯ ತಂಗು ಅನಿವಾರ್ಯವಾಗಿದ್ದಿತು. ಲಾರಿಯವರ ಚಹದಂಗಡಿಗಳು, ರಾತ್ರಿಯ ಬಿಡಾರಗಳು, ಅಲ್ಲಿ ಬೆಳೆದ ಸ್ನೇಹ, ಇವೆಲ್ಲಕ್ಕೂ ಮೂಲವಾದುದು ಈ ಮಂದಗತಿ. ಅಂದಿನ ಜೀವನದಲ್ಲಿ ಅವಸರವಿರಲಿಲ್ಲವೆಂದು ವೃದ್ಧರು ಹೇಳುವುದು ಸುಳ್ಳಲ್ಲ. ಆದರೆ ಆ ಸಾವಧಾನವು ಜನರ ಗುಣವಾಗಿದ್ದುದಕ್ಕಿಂತ ಹೆಚ್ಚಾಗಿ ಕಾಯಿದೆಯ ಫಲವಾಗಿದ್ದಿತು. ಸ್ಮೃತಿಯು ಕಾರ್ಯವನ್ನು ಉಳಿಸಿಕೊಂಡು ಕಾರಣವನ್ನು ಮರೆಯುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಯಂತ್ರ ಮತ್ತು ಕಟ್ಟಳೆಗಳೆರಡೂ ಕೂಡಿ ಪರೀಕ್ಷೆಗೊಡ್ಡುತ್ತಿದ್ದ ಸ್ಥಳವೆಂದರೆ ವೆಸ್ಟ್‌ಮೋರ್ಲೆಂಡಿನ ಷಾಪ್ ಗುಡ್ಡ. ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿಗೆ ಹೋಗುವ ಪಶ್ಚಿಮದ ಹೆದ್ದಾರಿಯಾದ ಎ೬ ಈ ಗುಡ್ಡವನ್ನು ಏರಿ ಇಳಿಯುತ್ತದೆ. ಹಿಮ ಬಿದ್ದಾಗ ಲಾರಿಗಳು ಇಲ್ಲಿ ಸಿಕ್ಕಿಕೊಂಡು, ಸುತ್ತಣ ಹಳ್ಳಿಗರು ಅನ್ನ ಆಸರೆಗಳನ್ನು ಕೊಡುತ್ತಿದ್ದರು. ೧೯೭೦ರಲ್ಲಿ ಎಂ೬ ಎಂಬ ಹೊಸ ಮಾರ್ಗವು ಇಲ್ಲಿ ತೆರೆದ ಮೇಲೆ ಹಳೆಯ ದಾರಿಯು ನಿರ್ಜನವಾಯಿತು. ಆ ಚಾಲಕರನ್ನೂ, ರಸ್ತೆಯನ್ನು ಕಟ್ಟಿ ಕಾಪಾಡಿದವರನ್ನೂ, ಆಶ್ರಯವಿತ್ತ ಹಳ್ಳಿಗರನ್ನೂ ಸ್ಮರಿಸುವ ಒಂದು ಕಲ್ಲು ಈಗ ಆ ಗುಡ್ಡದ ಮೇಲಿದೆ. ನಮ್ಮ ವೀರಗಲ್ಲುಗಳನ್ನು ಓದಿ ಬಲ್ಲವರಿಗೆ ಇದರ ಭಾವವು ಅಪರಿಚಿತವಲ್ಲ. ಭೇದವಿಷ್ಟೇ, ಇಲ್ಲಿ ಕೊಂಡಾಡಿರುವುದು ಮರಣವನ್ನಲ್ಲ, ದಿನದಿನದ ದುಡಿಮೆಯನ್ನು.

ಈ ಸ್ಮೃತಿಯಲ್ಲಿ ಬಿಟ್ಟುಹೋದುದೂ ಉಂಟು. ಭಾರದ ಲಾರಿಗಳಿಗೆ ವಾರ್ಷಿಕ ತಪಾಸಣೆಯು ಮೊದಲಾದುದೇ ೧೯೬೮ರಲ್ಲಿ. ಅದಕ್ಕೆ ಮುಂಚೆ ಸವೆದ ಬ್ರೇಕುಗಳೊಡನೆ ಗುಡ್ಡವಿಳಿದವರ ಪಾಡು ನೆನಪಿನಲ್ಲಿ ಸಾಹಸವಾಗಿ ತೋರುತ್ತದೆಯೇ ಹೊರತು ಅನ್ಯಾಯವಾಗಿ ತೋರುವುದಿಲ್ಲ. ಆದುದರಿಂದ ನಮ್ಮ ನಿರ್ಣಯವು ಹೀಗೆ: ಅಂದಿನ ಕಾಲವು ಸುಖದ್ದಾಗಿತ್ತೇ ಎಂಬುದಕ್ಕೆ ಈ ಸ್ಮೃತಿಯು ಪ್ರಮಾಣವಲ್ಲ; ಅಂದಿನ ವಿದ್ಯೆಯು ಎಂಥದೆಂಬುದಕ್ಕೆ ಮಾತ್ರ ಅದು ಅನನ್ಯವಾದ ಪ್ರಮಾಣ. ಬರಿಯ ಯೌವನದ ಹಂಬಲವಾಗಿದ್ದರೆ ಅವರ ಮಾತು ಮತ್ತೆ ಮತ್ತೆ ಗೇರು, ಬ್ರೇಕು, ಏರುಗಳ ಸೂಕ್ಷ್ಮಕ್ಕೇ ಹಿಂದಿರುಗುತ್ತಿರಲಿಲ್ಲ. ಇಂದು ಗೇರು ತಾನಾಗಿಯೇ ಬದಲಾಗುತ್ತದೆ. ಕಾಯವು ಸುಖಪಟ್ಟಿತು, ವಿದ್ಯೆಯು ನಿರುಪಯೋಗವಾಯಿತು. ಅವರು ಶೋಕಿಸುವುದು ಈ ವಿದ್ಯಾನಾಶವನ್ನು.

ಈ ವಿಚಾರಕ್ಕೂ ನಮಗೂ ಸಂಬಂಧವಿಲ್ಲದಿಲ್ಲ. ಲಾರಿಯೆಂಬ ಮಾತೇ ನಮಗೆ ಬ್ರಿಟಿಷರ ಇಂಗ್ಲಿಷಿನಿಂದ ಬಂದುದು. ೧೯೪೮ರಲ್ಲಿ ಮದರಾಸಿನಲ್ಲಿ ಆರಂಭವಾದ ಅಶೋಕ್ ಮೋಟಾರ್ಸ್ ೧೯೫೫ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಅದರ ಕಾಮೆಟ್ ಲಾರಿಗಳನ್ನು ಘಟ್ಟದ ದಾರಿಗಳಲ್ಲಿ ನಡೆಸಿದ ವೃದ್ಧರು ನಮ್ಮ ಊರುಗಳಲ್ಲಿಯೂ ಇದ್ದಾರೆ. ಲಾರಿಯ ಒಡಲನ್ನು ಸಂಗ್ರಹಾಲಯವು ಕಾಪಾಡಬಲ್ಲುದು. ಎಂಜಿನ್ನಿನ ದನಿಯನ್ನು ಕೇಳಿ ಗೇರನ್ನು ಅರಿಯುವ ಕಿವಿಯನ್ನು ಕಾಪಾಡಲಾರದು. ಎಂ೬ ತೆರೆದ ವರುಷ ಇಪ್ಪತ್ತೊಂದರ ಪ್ರಾಯದಲ್ಲಿದ್ದವರಿಗೆ ಈಗ ಎಪ್ಪತ್ತೈದು ಕಳೆದಿದೆ. ಓಲೆಗರಿಯಾದರೆ ಶಿಥಿಲವಾದ ಮೇಲೂ ಕೆಲವು ಕಾಲ ಓದಲು ಬರುತ್ತದೆ. ಈ ಗ್ರಂಥಗಳಿಗೆ ಅಷ್ಟು ಅವಕಾಶವಿಲ್ಲ. ಉಪಾಧ್ಯಾಯರು ತಮ್ಮ ತಮ್ಮ ಊರುಗಳ ಹಳೆಯ ಚಾಲಕರನ್ನು ಕಂಡು, ಅವರ ಮಾತನ್ನು ಅವರ ನುಡಿಯಲ್ಲಿಯೇ ಬರೆದಿಟ್ಟು, ಕಟ್ಟಳೆಗಳೊಡನೆಯೂ ಯಂತ್ರಗಳ ವಿವರಗಳೊಡನೆಯೂ ಹೋಲಿಸಿ ಶೋಧಿಸುವುದು ಉಚಿತವೆಂದು ವಿದ್ವಾಂಸರಲ್ಲಿ ವಿಜ್ಞಾಪಿಸುತ್ತೇನೆ.