ನಂದಿಸಲಾಗದ ಬೆಂಕಿ ಮತ್ತು ಹಿಂಸಾದಾನ

ಯುದ್ಧದ ಕ್ರೌರ್ಯವನ್ನು ಹೇಳಹೊರಟವರು ಸಾಮಾನ್ಯವಾಗಿ ರಣಭೂಮಿಯನ್ನೇ ತೋರಿಸುತ್ತಾರೆ. ಭಾರತೀಯ ವೈದ್ಯರೊಬ್ಬರ ಮಗನಾದ ಜರ್ಮನ್ ಚಲನಚಿತ್ರ ನಿರ್ದೇಶಕ ಹರೂನ್ ಫರೋಕಿ (1944–2014) ಅವರು 1969ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ತಯಾರಿಸಿದ ‘ನಂದಿಸಲಾಗದ ಬೆಂಕಿ’ ಎಂಬ 25 ನಿಮಿಷಗಳ ಸಾಕ್ಷ್ಯಚಿತ್ರ ಮಾತ್ರ ಶಸ್ತ್ರವು ಹುಟ್ಟುವ ಕಾರ್ಖಾನೆಯ ಕಡೆಗೆ ನೋಡಿತು.

ನೇಪಾಮ್ ಎಂಬುದು ಪೆಟ್ರೋಲನ್ನು ಲೋಳೆಯಂತೆ ಮಂದಗೊಳಿಸಿದ ದಹನಾಸ್ತ್ರ. ಮೈಗೆ ಅಂಟಿ ಉರಿಯುತ್ತದೆ. 1942ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅದನ್ನು ಕಂಡುಹಿಡಿದರು. ವಿಯೆಟ್ನಾಂ ಯುದ್ಧಕ್ಕಾಗಿ 1965ರಿಂದ ಡೌ ಕೆಮಿಕಲ್ ಸಂಸ್ಥೆ ಅದನ್ನು ಸೈನ್ಯಕ್ಕೆ ತಯಾರಿಸಿಕೊಟ್ಟಿತು. ಅದರಲ್ಲಿ ಬೆರೆಸುತ್ತಿದ್ದ ಪಾಲಿಸ್ಟೈರೀನ್ ಮನೆಬಳಕೆಯ ಸಾಮಾನುಗಳಿಗೂ ಬೇಕಾದ ಪ್ಲಾಸ್ಟಿಕ್ಕೇ.

ಚಿತ್ರದ ಆರಂಭದಲ್ಲಿ ಫರೋಕಿಯವರು ನೇಪಾಮಿನಿಂದ ಸುಟ್ಟ ವಿಯೆಟ್ನಾಮೀಯನೊಬ್ಬನ ಹೇಳಿಕೆಯನ್ನು ಓದಿ, ಉರಿಯುವ ಸಿಗರೇಟನ್ನು ತಮ್ಮ ತೋಳಿಗೇ ಒತ್ತಿಕೊಳ್ಳುತ್ತಾರೆ. ಸಿಗರೇಟಿನ ಉರಿ ಸುಮಾರು 400 ಡಿಗ್ರಿ, ನೇಪಾಮಿನದು ಸುಮಾರು 3000 ಡಿಗ್ರಿ ಎಂದು ಚಿತ್ರ ತಿಳಿಸುತ್ತದೆ. ಮುಂದೆ ನಟರು ಸಂಸ್ಥೆಯ ವಿಜ್ಞಾನಿಗಳಾಗಿ, ನೌಕರರಾಗಿ ಕಾಣಿಸಿಕೊಳ್ಳುತ್ತಾರೆ. ಪ್ರತಿಯೊಬ್ಬನಿಗೂ ತನ್ನ ಪಾಲಿನ ತುಣುಕು ಕೆಲಸ ಮಾತ್ರ ಗೊತ್ತು. ಪೂರ್ಣರೂಪ ಯಾರ ಕಣ್ಣಿಗೂ ಬೀಳದು. ಕೊನೆಯಲ್ಲೊಂದು ದೃಷ್ಟಾಂತ: ಧೂಳು ಹೀರುವ ಯಂತ್ರದ ಕಾರ್ಖಾನೆಯ ಕಾರ್ಮಿಕನೊಬ್ಬ ಹೆಂಡತಿಗಾಗಿ ದಿನಕ್ಕೊಂದು ಬಿಡಿಭಾಗ ಕದ್ದು ತರುತ್ತಾನೆ, ಆದರೆ ಹೇಗೆ ಜೋಡಿಸಿದರೂ ಅದು ಬಂದೂಕೇ ಆಗುತ್ತದೆ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕೊಡಲಿ, ಖಡ್ಗ, ಅಗ್ನಿ ಮೊದಲಾದ ವಧಸಾಧನಗಳನ್ನು ಇತರರಿಗೆ ಕೊಡುವುದನ್ನೇ ಹಿಂಸಾದಾನವೆಂದು ಕರೆದು ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ. ಕೃಷಿ, ವಾಣಿಜ್ಯಾದಿ ಜೀವನೋಪಾಯಗಳಲ್ಲಿ ಒದಗುವ ಉದ್ಯೋಗೀ ಹಿಂಸೆ ಗೃಹಸ್ಥನಿಗೆ ಸಂಪೂರ್ಣವಾಗಿ ತಪ್ಪಿಸಲಾಗದ್ದು, ನಿಜ. ಆದರೆ ಆ ಮಾತಿನ ಮರೆಯಲ್ಲಿ ಹಿಂಸಾದಾನ ಅಡಗಲಾರದು. ಕೃತ, ಕಾರಿತ, ಅನುಮೋದಿತಗಳೆಂಬ ವಿವೇಚನೆಯಂತೆ, ತಾನು ಸ್ವತಃ ಕೊಲ್ಲಲಿಲ್ಲವೆಂಬ ಸಮಾಧಾನ ಮಾಡಿಸಿದವನಿಗೂ ಇಲ್ಲ, ಒಪ್ಪಿದವನಿಗೂ ಇಲ್ಲ. ಕೆಲಸವನ್ನು ನೂರು ಕೈಗಳಿಗೆ ಹಂಚಿದರೆ ಹೊಣೆಯೂ ನೂರು ಪಾಲಾಗಿ ಕರಗುವುದೆಂಬುದು ಭ್ರಮೆ.

1969ರಲ್ಲಿ ನೇಪಾಮ್ ಗುತ್ತಿಗೆ ಡೌ ಸಂಸ್ಥೆಯ ಕೈತಪ್ಪಿ ಮತ್ತೊಂದು ಸಂಸ್ಥೆಯ ಪಾಲಾಯಿತು. ಹಳ್ಳಿಗಳ ಮೇಲೆ ಬೆಂಕಿ ಬೀಳುವುದು ನಿಲ್ಲಲಿಲ್ಲ. ತಯಾರಕನ ಹೆಸರು ಬದಲಾದ ಮಾತ್ರಕ್ಕೆ ಹಿಂಸೆ ಅಳಿಯದು. ಬಂಡವಾಳ ಹೂಡುವ ಕುಟುಂಬವಾಗಲಿ, ನಿಧಿಯನ್ನು ಕಾಯುವ ಬಸದಿಯ ಆಡಳಿತ ಮಂಡಳಿಯಾಗಲಿ ಬಡ್ಡಿಯ ದರವನ್ನು ಕೇಳುವಂತೆಯೇ, ಆ ಹಣದಿಂದ ಏನು ತಯಾರಾಗುತ್ತದೆ ಎಂಬುದನ್ನೂ ಕೇಳಬೇಕಾಗಿದೆ. ಅಹಿಂಸಾಣುವ್ರತವು ಊಟದ ತಟ್ಟೆಯಲ್ಲಿ ಪಾಲನೆಯಾಗಿ ಲೆಕ್ಕದ ಪುಸ್ತಕದಲ್ಲಿ ಮುರಿದರೆ ಅದನ್ನು ವ್ರತವೆನ್ನಲಾಗದು.