ವಿಐನಿಂದ ವಿಮ್‌ವರೆಗೆ: ಸೋರ್ಸ್ ಕೋಡ್ ಉಳಿದುಬಂದ ಬಗೆ

ಟರ್ಮಿನಲ್‌ನಲ್ಲಿ ಓಡುವ ಎಡಿಟರ್‌ಗಳ ಚರಿತ್ರೆ ಬರೆಯುವವರು ಹೊಸ ಸೌಲಭ್ಯಗಳನ್ನೇ ಎಣಿಸುತ್ತಾರೆ. ಸೇರಿದ ಕೋಡನ್ನು ದಶಕಗಟ್ಟಲೆ ಕೆಡದಂತೆ ನೋಡಿಕೊಂಡ ಕೆಲಸ ಅಲ್ಲಿ ಲೆಕ್ಕಕ್ಕೆ ಬರುವುದು ಕಡಿಮೆ.

1969ರಲ್ಲಿ ಕೆನ್ ಥಾಂಪ್ಸನ್ ಯುನಿಕ್ಸ್‌ಗೆ ಬರೆದ ‘ಇಡಿ’ ಸಾಲು ಸಾಲಾಗಿ ತಿದ್ದುವ ಎಡಿಟರ್. ಎಪ್ಪತ್ತರ ದಶಕದಲ್ಲಿ ಬರ್ಕ್ಲಿಯ ಬಿಲ್ ಜಾಯ್ ಮತ್ತು ಚಕ್ ಹ್ಯಾಲಿ ‘ಎಕ್ಸ್’ ಬರೆದರು. ಜಾಯ್ ಅದಕ್ಕೆ ಕೊಟ್ಟ ಪೂರ್ಣಪರದೆಯ ರೂಪವೇ ವಿಐ. ಅದರೊಳಗೆ ಎಟಿ ಅಂಡ್ ಟಿಯ ಕೋಡ್ ಸೇರಿದ್ದರಿಂದ ಲೈಸೆನ್ಸ್ ಇಲ್ಲದವರು ಮುಟ್ಟುವಂತಿರಲಿಲ್ಲ. ಸ್ಟೀವಿ, ಎಲ್ವಿಸ್, ಎನ್‌ವಿಐ ಎಂಬ ವಿಐ ತದ್ರೂಪುಗಳು ಹುಟ್ಟಲು ಈ ಬೇಲಿಯೂ ಒಂದು ಕಾರಣ.

ಡಚ್ ಪ್ರೋಗ್ರಾಮರ್ ಬ್ರಾಮ್ ಮೂಲೆನಾರ್ 1988ರಲ್ಲಿ ಸ್ಟೀವಿಯ ಕೋಡ್ ಹಿಡಿದು ಅಮಿಗಾ ಯಂತ್ರಕ್ಕೆ ವಿಮ್ ಕಟ್ಟತೊಡಗಿದರು. 1991ರಲ್ಲಿ ಅದು ಸಾರ್ವಜನಿಕರ ಕೈಸೇರಿತು. ಆವೃತ್ತಿ 5.0ರ ಬಣ್ಣದ ಸಿಂಟ್ಯಾಕ್ಸ್, 7.0ರ ಕಾಗುಣಿತ ಪರೀಕ್ಷೆ ಎಲ್ಲರಿಗೂ ಗೊತ್ತು. ಆದರೆ ಮೂಲೆನಾರ್ ಅವರ ನಿಜವಾದ ಕೊಡುಗೆ ಪ್ಯಾಚ್ ಶಿಸ್ತು. ಸಿ ಕೋಡ್‌ನ ಎಷ್ಟೇ ಚಿಕ್ಕ ತಿದ್ದುಪಡಿಗೂ ಒಂದು ಸಂಖ್ಯೆ. ಆ ಸಂಖ್ಯೆ ‘ವರ್ಷನ್.ಸಿ’ ಕಡತದ ಪಟ್ಟಿಯ ತಲೆಗೆ ಸೇರುತ್ತದೆ. 2019ರಲ್ಲಿ, ಒಂದು ಫೈಲ್ ತೆರೆದ ಮಾತ್ರಕ್ಕೆ ಅದರ ಮೋಡ್‌ಲೈನ್‌ನಲ್ಲಿ (ಎಡಿಟರ್‌ನ ಸೆಟ್ಟಿಂಗ್‌ಗಳನ್ನು ಫೈಲ್‌ನೊಳಗೇ ಬರೆಯುವ ಸಾಲಿನಲ್ಲಿ) ಅಡಗಿಸಿದ ಆದೇಶ ಓಡಿಬಿಡುವ ದೋಷ ಪತ್ತೆಯಾಯಿತು. ತಮ್ಮ ಪ್ರತಿ ಸುರಕ್ಷಿತವೇ ಎಂದು ತಿಳಿಯಲು ಬಳಕೆದಾರರು ನೋಡಬೇಕಾಗಿದ್ದದ್ದು ದೋಷ ತಿದ್ದಿದ ಪ್ಯಾಚ್‌ನ ಒಂದೇ ಸಂಖ್ಯೆ: 8.1.1365. ಪ್ಲಗಿನ್ ಬರೆಯುವವರೂ ಇದೇ ಸಂಖ್ಯೆಗಳನ್ನು ನಂಬಿ ಕೆಲಸ ಮಾಡುತ್ತಾರೆ.

ಹೀಗೆ ಹಳೆಯದನ್ನು ಉಳಿಸಿಕೊಂಡದ್ದಕ್ಕೆ ಬೆಲೆ ತೆರಬೇಕಾಗಿಯೂ ಬಂತು. ಹಳೆಯ ಯಂತ್ರಗಳನ್ನು ಕೈಬಿಡದ ಹಟದಿಂದ ಕೋಡ್ ತುಂಬ, ಯಂತ್ರಕ್ಕೆ ತಕ್ಕ ಭಾಗವನ್ನು ಆರಿಸುವ ‘ಇಫ್‌ಡೆಫ್’ ಷರತ್ತುಗಳು ಬೆಳೆದವು. ಹಳೆಯ ಶೈಲಿಯ ಸಿ ಫಂಕ್ಷನ್ ಘೋಷಣೆಗಳು ಬದಲಾಗಲು 2016 ಬೇಕಾಯಿತು. 2014ರಲ್ಲಿ ಥಿಯಾಗೊ ಡಿ ಅರುಡಾ ವಿಮ್‌ನ ಕವಲಾಗಿ ಆರಂಭಿಸಿದ ನಿಯೊವಿಮ್ ಇದನ್ನೆಲ್ಲ ಗುಡಿಸಿತು. ಗುಡಿಸಬೇಕಾದದ್ದೂ ಇತ್ತು. ವಿಮ್‌ನ ಕಾಲ ಮುಗಿಯಿತು ಎಂಬ ಮಾತು ಆಗ ಫ್ಯಾಷನ್ ಆಯಿತು. ವಿಮ್‌ನ ಪ್ಯಾಚ್‌ಗಳನ್ನು ಆರಿಸಿ ತರಲು ನಿಯೊವಿಮ್ ತನ್ನ ಕೋಡ್‌ನಲ್ಲೇ ಒಂದು ಸ್ಕ್ರಿಪ್ಟ್ ಇಟ್ಟುಕೊಂಡಿದೆ ಎಂಬುದನ್ನು ಹಾಗೆ ಹೇಳುವವರು ಗಮನಿಸಿದಂತಿಲ್ಲ. ಇತ್ತ ವಿಮ್ ಕೂಡ 8.0ರಲ್ಲಿ ಹಿನ್ನೆಲೆ ಕೆಲಸಗಳ ಸೌಲಭ್ಯ ಕೊಟ್ಟಿತು.

ಹೆಚ್ಚಿನ ತೊಡಕು ಬೇರೆಡೆ ಇತ್ತು. ಬೇರೆಯವರು ಕಳಿಸಿದ ಪ್ಯಾಚ್‌ಗಳನ್ನೂ ಬಹುತೇಕ ಮೂಲೆನಾರ್ ಒಬ್ಬರೇ ಸೇರಿಸುತ್ತಿದ್ದರು. 2023ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡಾಗ ಹೊಣೆ ಕ್ರಿಶ್ಚಿಯನ್ ಬ್ರಬಾಂಟ್ ಮತ್ತು ಸಂಗಡಿಗರಿಗೆ ಬಂತು. 2024ರ ಜನವರಿಯಲ್ಲಿ ಮೂಲೆನಾರ್ ನೆನಪಿಗೆ 9.1 ಹೊರಬಂತು. ಸಂಖ್ಯೆ ಹಾಕುವ ಪದ್ಧತಿ ಹಾಗೆಯೇ ಮುಂದುವರಿದಿದೆ.

ನೋಡಿಕೊಳ್ಳುವವರಿರುವ ಭಾಗ ಮಾತ್ರ ಈ ಕೋಡ್‌ನಲ್ಲಿ ಉಳಿಯುತ್ತದೆ. ಅರಬ್ಬಿ ಅಕ್ಷರಗಳ ಜೋಡಣೆಗೆ ‘ಅರೇಬಿಕ್.ಸಿ’ ಇದೆ. ಫಾರ್ಸಿಗಿದ್ದ ಕೋಡನ್ನು ಹಳತಾಯಿತು, ಬಳಸುವವರಿಲ್ಲ ಎಂದು 2019ರಲ್ಲಿ ಕಿತ್ತುಹಾಕಲಾಯಿತು. ಕನ್ನಡದ ಒತ್ತಕ್ಷರಗಳಿಗೆ ಅಂಥ ಕಡತವೇ ಇಲ್ಲ. ಅವುಗಳ ಜೋಡಣೆಯನ್ನು ಟರ್ಮಿನಲ್‌ಗೇ ಬಿಡಲಾಗಿದೆ.