ಹಗರಿ ಹುಟ್ಟುವ ಬೆಟ್ಟ: ಚಂದ್ರದ್ರೋಣದ ಹುಲ್ಲು, ಹೂವು, ದೇವರು

ಬೆಳುಗುಪ್ಪ: ಇಲ್ಲಿಗೆ ಪಶ್ಚಿಮದಲ್ಲಿ ಭೈರವಾನಿತಿಪ್ಪ, ಕಣೇಕಲ್ ಕಡೆ ಹರಿಯುವ ವೇದಾವತಿಯನ್ನು ಗಡಿಯ ಎರಡೂ ಕಡೆಯವರು ಹಗರಿ ಎನ್ನುತ್ತಾರೆ. ವರ್ಷದ ಹೆಚ್ಚು ದಿನ ಅದು ಹೊಳೆಯಲ್ಲ, ಮರಳಿನ ದಾರಿ. ಕಣೇಕಲ್, ಬೊಮ್ಮನಹಾಳ್ ಮಂಡಲಗಳಲ್ಲಿ ಆ ಮರಳು ಗಾಳಿಗೆ ಎದ್ದು ಹೊಲಗಳ ಮೇಲೆ ದಿಬ್ಬವಾಗಿ ಕೂರುತ್ತದೆ. ಹೊಳೆ ಹುಟ್ಟುವ ಜಾಗ ಮಾತ್ರ ಮಂಜು ಮುಸುಕಿದ ಹಸಿರು ಬೆಟ್ಟ. ಅದೇ ಚಿಕ್ಕಮಗಳೂರು ಜಿಲ್ಲೆಯ ಚಂದ್ರದ್ರೋಣ ಪರ್ವತ, ಅಂದರೆ ಬಾಬಾಬುಡನ್‌ಗಿರಿ ಶ್ರೇಣಿ.

ಕುದುರೆ ಲಾಳದ ಆಕಾರದ ಈ ಬೆಟ್ಟಸಾಲನ್ನು ಕಂಡು ಹಳೆಯ ಜ್ವಾಲಾಮುಖಿಯ ಬಾಯಿ ಎಂದುಕೊಳ್ಳುವವರಿದ್ದಾರೆ. ಅದು ನಿಜವಲ್ಲ. ಆದರೆ ಇಲ್ಲಿನ ಬಂಡೆಗಳಲ್ಲಿ ಬಹುಪಾಲು 250 ಕೋಟಿ ವರ್ಷಕ್ಕೂ ಹಿಂದೆ ಹರಿದು ಗಟ್ಟಿಯಾದ ಲಾವಾ ಎಂಬುದು ನಿಜ. ಅದರ ಜೊತೆಗೆ ಕಬ್ಬಿಣದ ಅದಿರಿನ ಪದರಗಳೂ ಇವೆ. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿ ಕಾರ್ಖಾನೆಗೆ ಹೋದದ್ದು ಹೀಗೆ. ಮುಳ್ಳಯ್ಯನಗಿರಿ (1,930 ಮೀಟರ್) ಕರ್ನಾಟಕದ ಅತಿ ಎತ್ತರದ ಶಿಖರ.

ಇಂಥ ಶಿಖರಗಳನ್ನು ವಿಜ್ಞಾನಿಗಳು ‘ಆಕಾಶ ದ್ವೀಪ’ ಎನ್ನುತ್ತಾರೆ. ಸುತ್ತ ಸಮುದ್ರವಿಲ್ಲ, ಬಿಸಿಯಾದ ಬಯಲಿದೆ. ಮೇಲಿನ ತಂಪಿಗೆ ಹೊಂದಿಕೊಂಡ ಗಿಡ, ಕಪ್ಪೆ, ಕೀಟಗಳು ಆ ಬಯಲಿಗೆ ಇಳಿದು ಬದುಕಲಾರವು.

ಬೆಟ್ಟದ ನೆತ್ತಿಯಲ್ಲಿ ಹುಲ್ಲು, ಕಣಿವೆಯ ಮಡಿಲಲ್ಲಿ ಗಿಡ್ಡ ಮರಗಳ ಶೋಲಾ ಕಾಡು. ಮಂಜು, ಮಳೆಯ ನೀರನ್ನು ಈ ಹುಲ್ಲು ಮತ್ತು ಎಲೆಗೊಬ್ಬರದ ಮಣ್ಣು ಹೀರಿಕೊಂಡು, ಮಳೆ ನಿಂತ ಮೇಲೂ ತೊರೆಗಳಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಬೋಳು ಗುಡ್ಡ ಎಂದು ಹುಲ್ಲುಗಾವಲನ್ನು ಕಡೆಗಣಿಸುವುದು ದೊಡ್ಡ ತಪ್ಪು. ಬೇಸಿಗೆಯ ಕಾಳ್ಗಿಚ್ಚು ಮೊದಲು ತಿನ್ನುವುದು ಇದನ್ನೇ.

ಕಾಡುಕೋಣ, ಕಡವೆ, ಚಿರತೆ ಇಲ್ಲಿವೆ. ಪಕ್ಕದ ಭದ್ರಾ ಹುಲಿ ಅಭಯಾರಣ್ಯದಲ್ಲಿ ಹುಲಿಗಳಿವೆ. ತೊರೆಯ ಬದಿಯಲ್ಲಿ ಬೆಳಗಿನ ಜಾವ ಹುಡುಗರಂತೆ ಸಿಳ್ಳೆ ಹಾಕುವ ಕಡುನೀಲಿ ಹಕ್ಕಿಯನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಎಲ್ಲಕ್ಕಿಂತ ಹೆಸರಾದದ್ದು ನೀಲಕುರಿಂಜಿ. ಹನ್ನೆರಡು ವರ್ಷ ಸುಮ್ಮನಿದ್ದು, ಒಟ್ಟಿಗೇ ಹೂಬಿಟ್ಟು, ಬೀಜ ಉದುರಿಸಿ ಸಾಯುವ ಗಿಡ ಇದು. ದೂರದ ಹವಾಯಿಯ ಹಲೆಯಾಕಲಾ ಎಂಬ ಜ್ವಾಲಾಮುಖಿಯ (3,055 ಮೀಟರ್) ಮೇಲೂ ಇಂಥದೇ ಒಂದು ಬೆಳ್ಳಿಬಣ್ಣದ ಗಿಡವಿದೆ. ಅದು ಹತ್ತಾರು ವರ್ಷ ಬದುಕಿ, ಒಮ್ಮೆ ಹೂಬಿಟ್ಟು ಒಣಗುತ್ತದೆ. ಜನ ಕಿತ್ತು, ದನ ಮೇಡು ಮೇಯ್ದು ಅದು ಅಳಿವಿನ ಅಂಚಿಗೆ ಹೋಗಿತ್ತು. ಕುರಿಂಜಿಗೂ ಅದೇ ಲೆಕ್ಕ: ಕಿತ್ತ ಹೂವು ಬೀಜವಾಗುವುದಿಲ್ಲ, ಬೀಜವಿಲ್ಲದೆ ಮುಂದಿನ ಸರದಿಯಿಲ್ಲ.

ಆಂಜನೇಯ ಸಂಜೀವಿನಿ ಪರ್ವತ ಹೊತ್ತು ಹೋಗುವಾಗ ಬಿದ್ದ ತುಂಡೇ ಚಂದ್ರದ್ರೋಣ ಎಂಬುದು ಪ್ರತೀತಿ. ಬಾಬಾ ಬುಡನ್ 17ನೇ ಶತಮಾನದಲ್ಲಿ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಇಲ್ಲಿ ಬಿತ್ತಿದರೆಂದೂ ಹೇಳುತ್ತಾರೆ. ಗಿರಿಯ ಗುಹೆ ಹಿಂದೂಗಳಿಗೆ ದತ್ತಾತ್ರೇಯ ಪೀಠ, ಮುಸ್ಲಿಮರಿಗೆ ದಾದಾ ಹಯಾತ್ ಮೀರ್ ಖಲಂದರ್ ದರ್ಗಾ. ಪೂಜೆಯ ಹಕ್ಕಿನ ವಿವಾದ ದಶಕಗಳ ಕಾಲ ಕೋರ್ಟು ಮೆಟ್ಟಿಲೇರಿದೆ. ಗೂಗೂಡು ಕುಳ್ಳಾಯಿಸ್ವಾಮಿಯ ಪೀರಲ ಹಬ್ಬಕ್ಕೆ ಹೋಗಿಬರುವ ನಮ್ಮ ಕಡೆಯವರಿಗೆ ಇಬ್ಬರೂ ಒಂದೇ ಕಡೆ ಕೈಮುಗಿಯುವುದು ಹೊಸದೇನಲ್ಲ. ಹತ್ತಿರದ ಮಾಣಿಕ್ಯಧಾರಾದಲ್ಲಿ ಸ್ನಾನ ಮಾಡಿ ಉಟ್ಟ ಬಟ್ಟೆಯೊಂದನ್ನು ಅಲ್ಲೇ ಬಿಟ್ಟು ಬರುವ ಪದ್ಧತಿಯಿದೆ. ಭಕ್ತಿ ಸರಿ, ಆದರೆ ಆ ಬಟ್ಟೆ ರಾಶಿ ಬೀಳುವುದು ನೀರಿನ ದಾರಿಯಲ್ಲೇ.

ಈ ಬೆಟ್ಟಗಳಿಂದ ಇಳಿಯುವ ವೇದಾ ಅಯ್ಯನಕೆರೆಯನ್ನೂ, ಅವತಿ ಮದಗದ ಕೆರೆಯನ್ನೂ ತುಂಬಿಸಿ ಕಡೂರಿನ ಬಳಿ ಕೂಡುತ್ತವೆ. ಮುಂದೆ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಅದನ್ನು ತಡೆದು ನಿಲ್ಲಿಸುತ್ತದೆ. 1933ರ ನಂತರ ಆ ಅಣೆಕಟ್ಟು ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಅದೇ ತಿಂಗಳು ಮೇಲೆ ಗಿರಿಯಲ್ಲಿ ಕುರಿಂಜಿ ಅರಳಿತ್ತು. ಆಗ ಉದುರಿದ ಬೀಜದ ಗಿಡಗಳು ಹೂಬಿಡಬೇಕಾದದ್ದು 2034ರಲ್ಲಿ.